ರಬ್ಬರ್ ಹಾಲಿನ ಬ್ಯಾಟು ಮತ್ತು ವಕೀಲರ ಪಾಟೀಸವಾಲು

ಬೇರೆ ಯಾರಾದರೂ ಹೇಳಿ ಮಾನ ಕಳೆಯುವ ಮೊದಲು ನಾನೇ ಹೇಳಿಬಿಡುತ್ತೇನೆ: ದುಬೈಯಿಂದ ಬಂದ ಟೇಬಲ್ ಟೆನ್ನಿಸ್ ರಬ್ಬರನ್ನು ನಮ್ಮ ಗುಡ್ಡೆಯ ರಬ್ಬರ್ ಮರದ ಹಾಲಿನಿಂದ ಬ್ಯಾಟಿಗೆ ಅಂಟಿಸಿದ ಮಹಾನುಭಾವ ನಾನೇ. ಬರೀ ಅಂಟಿಸಿದ್ದರೆ ಕ್ಷಮಿಸಬಹುದಿತ್ತು. ಬೇಗ ಗಟ್ಟಿಯಾಗಲಿ ಎಂದು, ರಬ್ಬರ್ ಶೀಟ್ ಮಾಡುವಾಗ ಹಾಲಿಗೆ ಹಾಕುವ ಆಸಿಡನ್ನೂ ಒಂದಿಷ್ಟು ಹನಿಸಿದೆ. ಅದರ ಮೇಲೆ ಅಮ್ಮನ ಅರೆಯುವ ಕಲ್ಲು ಹೇರಿದೆ. ಅಷ್ಟಕ್ಕೂ ಸಮಾಧಾನವಾಗದೆ, ಶೀಟ್ ಒಣಗಿಸುವ ಹೊಗೆಗೂಡಿನಲ್ಲಿ ಸಾಲಾಗಿ ನೇತಾಡುತ್ತಿದ್ದ ಶೀಟುಗಳ ನಡುವೆ ಬ್ಯಾಟನ್ನೂ ನೇತುಹಾಕಿದೆ. ಮರುದಿನ ಇಳಿಸಿ ನೋಡಿದರೆ ಕೆಂಪು ರಬ್ಬರು ಹೊಗೆ ಕುಡಿದು ಹಳೆ ಅಡಿಕೆಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಹಾಲು ಅಲ್ಲಲ್ಲಿ ಗಂಟು ಕಟ್ಟಿ ಮೇಲ್ಮೈ ಚಾರ್ಮಾಡಿ ಘಾಟಿಯ ರಸ್ತೆಯಂತಾಗಿತ್ತು. ವಾಸನೆಯ ವಿಷಯ ಬರೆಯುವುದಿಲ್ಲ. ರಬ್ಬರ್ ಕೃಷಿಕರಿಗೆ ಗೊತ್ತುಂಟು, ಉಳಿದವರಿಗೆ ಗೊತ್ತಾಗುವುದು ಬೇಡ.

ಇಷ್ಟೆಲ್ಲ ಮಾಡಿದ್ದಕ್ಕೆ ಕಾರಣವಿತ್ತು. ಬೆಳ್ತಂಗಡಿಯ ನಮ್ಮ ಸಣ್ಣ ಟಿಟಿ ಕ್ಲಬ್ಬಿನಿಂದ ಪ್ರತಿ ವರ್ಷ ಮೂರು ಮಂದಿಯ ತಂಡ ಮೂಡುಬಿದಿರೆಯ ಪಂದ್ಯಕ್ಕೆ ಹೋಗುತ್ತಿತ್ತು. ಒಬ್ಬರು ವಕೀಲರು, ಇನ್ನೊಬ್ಬರು ಹೋಟೆಲಿನ ಭಟ್ರು. ಮೂರನೆಯವರಾಗಿದ್ದ ಬ್ಯಾಂಕಿನ ಗುಮಾಸ್ತರಿಗೆ ಬೀದರ್ ಕಡೆ ವರ್ಗವಾಗಿ ಒಂದು ಜಾಗ ಖಾಲಿ ಬಿತ್ತು. ಆ ಜಾಗ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಉಜಿರೆಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸುವುದಕ್ಕಿಂತ ಹೆಚ್ಚು ಬೇಕಿತ್ತು. ಸಂಜೆ ಉಜಿರೆಯ ಬಸ್ಸಿನಿಂದಿಳಿದು ನಾರಾವಿಯ ಬಸ್ಸು ಹತ್ತುವ ನಡುವಿನ ಹೊತ್ತೆಲ್ಲ ನಾನು ಕಳೆಯುತ್ತಿದ್ದದ್ದು ಕ್ಲಬ್ಬಿನ ಹಾಲ್‌ನಲ್ಲಿ. ಆದರೆ ಅಲ್ಲಿ ನನ್ನ ಹುದ್ದೆ ಆಟಗಾರನದ್ದಾಗಿರಲಿಲ್ಲ. ಆಡಿ ಸುಸ್ತಾದವರು ಬೆವರು ಒರೆಸಿಕೊಳ್ಳುತ್ತಾ, "ಏ ಮಿಮಿಕ್ರಿ, ಭಟ್ರದ್ದು ಒಂದು ಮಾಡು" ಎನ್ನುತ್ತಿದ್ದರು. ನಾನು ಹೊಟ್ಟೆ ಮುಂದೆ ಮಾಡಿ, ಭಟ್ರ ಹಾಗೆ ಬ್ಯಾಟ್ ಎತ್ತಿ, "ಹೋಯ್ಕ್!" ಎಂದು ಹೊಡೆಯುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆಮೇಲೆ ನಾನು ಬೆಂಚಿನಲ್ಲಿ ಕೂರುತ್ತಿದ್ದೆ, ಅವರು ಆಡುತ್ತಿದ್ದರು.

ಒಳ್ಳೆಯ ರಬ್ಬರ್ ಇದ್ದರೆ ಬೆಂಚಿನಿಂದ ಏಳಬಹುದು ಎಂದು ನನಗೆ ಹೊಳೆಯಿತು. ದುಬೈಯಲ್ಲಿರುವ ಭಾವನಿಗೆ ಫೋನ್ ಮಾಡಿದೆ. ಅದನ್ನು ಕೇಳಿಸಿಕೊಂಡ ಅಪ್ಪ ಅಂಗಳದಿಂದಲೇ ಅಮ್ಮನಿಗೆ ವರದಿ ಒಪ್ಪಿಸಿದರು. "ಕೇಳಿದೆಯಾ? ಗುಡ್ಡೆಯಿಡೀ ರಬ್ಬರ್ ಉಂಟು, ಕೊಳ್ಳುವವರಿಲ್ಲ. ಇವನಿಗೆ ದುಬೈಯಿಂದ ರಬ್ಬರ್ ಬರ್ಲಿಕ್ಕುಂಟಂತೆ!"

ರಬ್ಬರ್ ಬಂತು. ಗಮ್ ಬರಲಿಲ್ಲ. "ಗಮ್ ಬೇರೆ ತರ್ಬೇಕು ಅಂತ ನೀನು ಹೇಳಿದ್ದಾ?" ಎಂದು ಭಾವ ನನ್ನನ್ನೇ ಕೇಳಿದ. ನಾನು ಹಾಲು ಹಿಡಿಯುವ ತೆಂಗಿನ ಗೆರಟೆ ಹಿಡಿದುಕೊಂಡು ಗುಡ್ಡೆ ಹತ್ತಿದೆ. ಮುಂದಿನದ್ದು ಮೇಲೆಯೇ ಬರೆದಿದ್ದೇನೆ.

ಆ ಬ್ಯಾಟನ್ನು ನಾನು ಹಾಲ್‌ಗೆ ತಂದ ದಿನ ವಕೀಲರು ಅದನ್ನು ಎರಡು ಬೆರಳಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದರು. ಕೂಡಲೇ ದೂರ ಮಾಡಿದರು.

"ಇದು ಬ್ಯಾಟಾ, ಶೀಟಾ?"

"ಬ್ಯಾಟ್ ಸರ್."

"ಡೀಲರ್ ಹತ್ರ ಒಮ್ಮೆ ತೋರಿಸು. ನಾಲ್ಕನೇ ಗ್ರೇಡಿಗೆ ಹೋದೀತು."

ಹೀಗೆ ಹೇಳಿ, ನಗದೆ, ಮೇಜಿನ ಆ ಕಡೆ ಹೋಗಿ ನಿಂತರು. "ಹೊಡಿ." ನಾನು ಹೊಡೆದ ಮೊದಲ ಚೆಂಡು ಯಾವುದೋ ಗಂಟಿಗೆ ತಗಲಿ ಟ್ಯೂಬ್‌ಲೈಟಿಗೆ ಹೋಯಿತು. ಎರಡನೆಯದು ನನ್ನ ಕಡೆಗೇ ವಾಪಸು ಬಂತು. ಆಮೇಲಿನದ್ದೊಂದು ಭಟ್ರ ಚಹಾದ ಲೋಟಕ್ಕೆ ಬಿತ್ತು. ಭಟ್ರು ಲೋಟದೊಳಗೆ ಇಣುಕಿ, "ಸಕ್ಕರೆ ಹಾಕಿ ಆಗಿತ್ತು ಮಾರಾಯ" ಎಂದರು. ವಕೀಲರು ಮಾತ್ರ ಒಂದೊಂದು ಚೆಂಡನ್ನೂ ಹೆಕ್ಕಿ, ಒರೆಸಿ, ಮರ್ಯಾದೆಯಿಂದ ನನಗೆ ಹಿಂದಿರುಗಿಸಿದರು. ಕೋರ್ಟಿನಲ್ಲಿ ಸುಳ್ಳು ಸಾಕ್ಷಿಗೆ ಅವರು ಹೀಗೇ ನೀರು ಕೊಡುತ್ತಿದ್ದರಂತೆ.

ವಕೀಲರು ಈಗ ಇಲ್ಲ. ಹೋದ ವರ್ಷ ತೀರಿಕೊಂಡರು. ಅವರ ಹೆಸರು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬೆಳ್ತಂಗಡಿಯಲ್ಲಿ ವಕೀಲರು ಬೇಕಾದಷ್ಟು ಮಂದಿ ಇದ್ದರೂ ನಮ್ಮ ಹಾಲ್‌ನಲ್ಲಿ ವಕೀಲರು ಎಂದರೆ ಅವರೊಬ್ಬರೇ. ಉದ್ದಕ್ಕೆ, ತೆಳ್ಳಗೆ, ಸ್ವಲ್ಪ ಮುಂದಕ್ಕೆ ಬಾಗಿದ ಮನುಷ್ಯ. ದೂರದಿಂದ ನೋಡಿದರೆ ಯಾರೋ ಗೋಡೆಗೆ ಒರಗಿಸಿಟ್ಟ, ಅಡಿಕೆ ಕೊಯ್ಯುವ ದೋಟಿಯಂತೆ ಕಾಣುತ್ತಿದ್ದರು. ಕೋರ್ಟು ಮುಗಿಸಿ ನೇರ ಬರುತ್ತಿದ್ದರು. ಕರಿ ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ತೂಗಿ, ಕುತ್ತಿಗೆಯ ಬಿಳಿ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿ, ವಾಚು ಬಿಚ್ಚಿ, ಆಮೇಲೆ ಬ್ಯಾಟಿನ ಮೇಲೆ "ಹಾ" ಎಂದು ಉಸಿರು ಬಿಟ್ಟು ಅಂಗೈಯಿಂದ ಒರೆಸುತ್ತಿದ್ದರು. ಅಲ್ಲಿಯವರೆಗೆ ಎಲ್ಲರೊಡನೆ ತುಳು. ಬ್ಯಾಟ್ ಒರೆಸಿ ಆಯಿತೆಂದರೆ ತುಳು ಮುಗಿದು ಕನ್ನಡ ಸುರು, ಅದೂ ಕೋರ್ಟಿನ ಕನ್ನಡ. ಚೆಂಡು ಮೇಜಿನ ಅಂಚಿಗೆ ತಗಲಿತೋ ಇಲ್ಲವೋ ಎಂಬ ಜಗಳ ಬಂದರೆ ನಾವೆಲ್ಲ "ತಾಗ್ದ್‌ಂಡ್", "ಇಜ್ಜಿ" ಎಂದು ಕೂಗಾಡುವಾಗ ಅವರು, "ಈ ಬಗ್ಗೆ ನನ್ನದು ತಕರಾರು ಉಂಟು" ಎಂದು ಮೆಲ್ಲಗೆ ಹೇಳಿ ಕಾಯುತ್ತಿದ್ದರು. ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದರು. ಕೊನೆಗೆ ಎದುರಿನವರೇ ಬೇಸತ್ತು ಪಾಯಿಂಟ್ ಬಿಟ್ಟುಕೊಡುತ್ತಿದ್ದರು.

ಆಟವೂ ಹಾಗೆಯೇ. ಅವರು ಸ್ಮ್ಯಾಶ್ ಹೊಡೆದದ್ದನ್ನು ನಾನು ಕಂಡವನಲ್ಲ. ಮೇಜಿನಿಂದ ಹಿಂದೆ ಸರಿದು ನಿಂತು, ಬಂದ ಚೆಂಡನ್ನೆಲ್ಲ ಕೆಳಗಿನಿಂದ ಕತ್ತರಿಸಿ ವಾಪಸು ಕಳಿಸುವುದು, ಅಷ್ಟೆ. ಅವರ ಬ್ಯಾಟಿನ ಒಂದು ಬದಿಯಲ್ಲಿ ತೆಳು ಸ್ಪಾಂಜಿನ ಸಾಧಾರಣ ರಬ್ಬರು. ಇನ್ನೊಂದು ಬದಿಯಲ್ಲಿ ಹಲಸಿನ ಹಣ್ಣಿನ ಸಿಪ್ಪೆಯಂತೆ ಉದ್ದ ಉದ್ದ ಮುಳ್ಳಿನ ರಬ್ಬರು. ಆ ಮುಳ್ಳಿಗೆ ನಾವು ಎಷ್ಟು ಸ್ಪಿನ್ ಮಾಡಿ ಹೊಡೆದರೂ ಅದು ತಿರುಗುಮುರುಗಾಗಿ ನಮಗೇ ಬರುತ್ತಿತ್ತು, ನಾವು ನೆಟ್ಟಿಗೆ ಹೊಡೆಯುತ್ತಿದ್ದೆವು. "ಇದರಲ್ಲಿ ನನ್ನದು ಏನೂ ಇಲ್ಲ. ನಿಮ್ಮದೇ ಹೇಳಿಕೆ, ನಿಮಗೇ ಓದಿ ಹೇಳಿದ್ದು" ಎನ್ನುತ್ತಿದ್ದರು.

ಯಾರಿಗೆ ಹೊಸ ರಬ್ಬರ್ ಬೇಕಾದರೂ ವಕೀಲರನ್ನು ಕೇಳದೆ ತರಿಸುವ ಕ್ರಮ, ನನ್ನನ್ನು ಬಿಟ್ಟರೆ, ನಮ್ಮಲ್ಲಿರಲಿಲ್ಲ. ಕೇಳಿದರೆ ನೇರ ಉತ್ತರ ಕೊಡುವ ಕ್ರಮ ಅವರಲ್ಲಿರಲಿಲ್ಲ. ಮೊದಲು ಪಾಟೀಸವಾಲು. ಭಟ್ರ ಸರದಿಯಂದು ನಾನು ಬೆಂಚಿನಲ್ಲೇ ಇದ್ದೆ.

"ಭಟ್ರೇ, ನಿಮ್ಗೆ ಸ್ಪೀಡ್ ಬೇಕಾ, ಸ್ಪಿನ್ ಬೇಕಾ?"

"ಎರಡೂ ಬೇಕು."

"ಕಂಟ್ರೋಲ್?"

"ಅದೂ ಇರ್ಲಿ. ಬೇಡ ಅಂತ ಯಾಕೆ ಹೇಳುವುದು?"

"ನಿಮ್ಮ ಹೋಟ್ಲಿಗೆ ಒಬ್ಬ ಗಿರಾಕಿ ಬಂದು, ಬನ್ಸ್ ಗರಿಗರಿ ಇರ್ಬೇಕು, ಮೆತ್ತಗೂ ಇರ್ಬೇಕು, ಎಣ್ಣೆ ಮುಟ್ಟಿರ್ಬಾರ್ದು ಅಂದ್ರೆ ಎಂತ ಕೊಡ್ತೀರಿ?"

ಭಟ್ರು ತಡಮಾಡದೆ ಹೇಳಿದರು: "ನೀರು ಕೊಡ್ತೇನೆ. ಕುಡ್ದು ಹೋಗು ಅಂತೇನೆ."

ವಕೀಲರು ತಮ್ಮ ನೀರಿನ ಬಾಟ್ಲಿಯನ್ನು ಭಟ್ರ ಕಡೆ ಸರಿಸಿದರು.

ಹಾಗೆಂದು ಸಹಾಯ ಮಾಡದೆ ಬಿಡುವವರಲ್ಲ. ಭಟ್ರಿಗೆ ಆ ದಿನವೇ ಹೇಳಿದರು, ನಿಮ್ಮದು ಹೊಡೆಯುವ ಕೈ, ದಪ್ಪ ಸ್ಪಾಂಜ್ ಹಾಕಿ, ಆದರೆ ಗಟ್ಟಿಯದ್ದು ಬೇಡ, ನಿಮ್ಮ ಹೊಟ್ಟೆ ತಿರುಗುವಷ್ಟರಲ್ಲಿ ಚೆಂಡು ಹೋಗಿ ಆಗಿರುತ್ತದೆ ಎಂದು. ಭಟ್ರಿಗೆ ಸಿಟ್ಟು ಬಂತು, ರಬ್ಬರ್ ಮಾತ್ರ ಅದನ್ನೇ ತರಿಸಿದರು.

ನಾನು ಅವರನ್ನೂ ಅಣಕಿಸುತ್ತಿದ್ದೆ, ಬಿಡುತ್ತಿದ್ದೆನೇ? ಅವರು ಬರುವ ಮೊದಲು ಯಾರದೋ ಕರಿ ಕೊಡೆಯನ್ನು ಕೋಟಿನಂತೆ ಮೊಳೆಗೆ ತೂಗಿ, ಇಲ್ಲದ ವಾಚು ಬಿಚ್ಚಿ, "ಹಾ" ಎಂದು ಬ್ಯಾಟಿಗೆ ಉಸಿರು ಬಿಟ್ಟು, "ಈ ಬಗ್ಗೆ ನನ್ನದು ತಕರಾರು ಉಂಟು" ಎಂದು ಬಾಗಿ ನಿಲ್ಲುತ್ತಿದ್ದೆ. ಒಮ್ಮೆ ಹೀಗೆ ಬಾಗಿದವನಿಗೆ ಯಾರೂ ನಗದ್ದು ಕಂಡು ಸಂಶಯ ಬಂತು. ತಿರುಗಿದರೆ ವಕೀಲರು ಬಾಗಿಲಲ್ಲಿ. ನನ್ನ ಜೀವವೇ ಹೋಯಿತು. ಅವರು ಕೊಡೆಯನ್ನು ಮೊಳೆಯಿಂದ ತೆಗೆದು, ಕೋಟು ತೂಗಿ, "ವಾಚು ನಾನು ಎಡಗೈಗೆ ಕಟ್ಟುವುದು. ನೀನು ಬಲಗೈಯಿಂದ ಬಿಚ್ಚಿದೆ. ಇನ್ನೊಮ್ಮೆ ಮಾಡುವಾಗ ನೋಡಿಕೋ" ಎಂದರು. ಆಮೇಲೆ ತಮ್ಮ ವಾಚು ಬಿಚ್ಚುತ್ತಾ, "ಅಲ್ಲ, ಎಡಗೈಗೆ ಕಟ್ಟಿದ್ದನ್ನು ಬಲಗೈಯಿಂದಲೇ ಬಿಚ್ಚಬೇಕಲ್ಲ. ಸರಿಯೇ ಉಂಟು. ತಕರಾರು ಹಿಂದೆ ತೆಗೆದುಕೊಂಡೆ" ಎಂದರು. ನಮಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಅವರು ತೀರಿಕೊಂಡ ಮೇಲೆ ಅದೇ ಹಾಲ್‌ನಲ್ಲಿ ಸಣ್ಣ ಶೋಕಸಭೆ ಮಾಡಿದೆವು. ಮೇಜನ್ನು ಮಡಚಿ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದೆವು. ವಕೀಲರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಎರಡು ಮಾತಾಡು ಎಂದು ಭಟ್ರು ನನ್ನನ್ನು ಎಬ್ಬಿಸಿದರು. ಬರೆದುಕೊಂಡು ಹೋದದ್ದು ಉಂಟು, ಎದ್ದು ನಿಂತು ಚೀಟಿ ಬಿಡಿಸಿದೆ. ಓದಲು ಬಾಯಿ ತೆರೆದರೆ, ದೇವರಾಣೆ ನಾನು ಬೇಕೆಂದು ಮಾಡಿದ್ದಲ್ಲ, ಅವರ ದನಿಯೇ ಬಂದುಬಿಟ್ಟಿತು: "ಈ ಬಗ್ಗೆ ನನ್ನದು ತಕರಾರು ಉಂಟು." ಭಟ್ರು ನನ್ನನ್ನು ನುಂಗುವ ಹಾಗೆ ನೋಡಿದರು. ವಕೀಲರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಮ್ಮೆ ಹೇಳು ಮಗಾ" ಎಂದರು. ಹೇಳಿದೆ. ಅಷ್ಟೇ ನನ್ನ ಭಾಷಣ.

ಇರಲಿ, ರಬ್ಬರಿನ ವಿಷಯಕ್ಕೆ ಬರುವ. ಹೊಗೆಗೂಡಿನ ಬ್ಯಾಟು ಟ್ಯೂಬ್‌ಲೈಟಿಗೆ ಹೊಡೆದ ದಿನ ನಾನು ವಕೀಲರ ಎದುರು ನನ್ನ ಅರ್ಜಿ ಇಟ್ಟೆ. ತಂಡದಲ್ಲಿ ಆ ಜಾಗ ನನಗೆ ಬೇಕು, ಅದಕ್ಕೆ ಯಾವ ರಬ್ಬರ್ ಹಾಕಬೇಕು ಹೇಳಿ ಎಂದೆ. ಅವರು ಮೇಜಿನ ಅಂಚಿಗೆ ಒರಗಿದರು. ನನಗೆ ಕಟಕಟೆಯಲ್ಲಿ ನಿಂತ ಹಾಗಾಯಿತು.

"ಈ ದುಬೈದು ಯಾಕೆ ತರಿಸಿದೆ?"

"ಸ್ಪಿನ್ನಿಗೆ ಸರ್. ದೊಡ್ಡ ದೊಡ್ಡ ಆಟಗಾರರು ಇದನ್ನೇ ಹಾಕುವುದು. ಫೋನಲ್ಲಿ ನೋಡಿದೆ."

"ಅವರ ಕೈಯೂ ಫೋನಲ್ಲಿ ಬಂತಾ?"

"ಇಲ್ಲ ಸರ್."

"ಸರಿ. ಈಗ ನನ್ನ ಹಾಗೆ ಒಂದು ಹೊಡಿ."

ಕ್ಲಬ್ಬಿನ ಹಳೆ ಬ್ಯಾಟ್ ಎತ್ತಿಕೊಂಡು ಹಿಂದೆ ಸರಿದು, ಬಾಗಿ, ಕತ್ತರಿಸಿದೆ. ಚೆಂಡು ಸುಂದರವಾಗಿ ನೆಟ್ಟಿನ ಮೇಲೆ ತೇಲಿ ಬಿತ್ತು. ಬೆಂಚಿನವರು ಚಪ್ಪಾಳೆ ತಟ್ಟಿದರು.

"ಭಟ್ರ ಹಾಗೆ?"

"ಹೋಯ್ಕ್!" ಅದೂ ಬಿತ್ತು.

"ಈಗ ನಿನ್ನದು."

ನಾನು ಬ್ಯಾಟ್ ಎತ್ತಿದೆ. ಅವರು ಚೆಂಡು ಕಳಿಸಿದರು. ನನ್ನ ಕೈ ಅರ್ಧ ವಕೀಲರಾಗಿ ಹೊರಟು, ನಡುವಿನಲ್ಲಿ ಭಟ್ರಾಗಿ, ಕೊನೆಗೆ ಬೀದರಿಗೆ ಹೋದ ಗುಮಾಸ್ತರಾಗಿ ಗಾಳಿಯಲ್ಲಿ ನಿಂತುಬಿಟ್ಟಿತು. ಚೆಂಡು ನನ್ನ ಎದೆಗೆ ಬಡಿದು ಕೆಳಗೆ ಬಿತ್ತು.

"ರಬ್ಬರ್ ಯಾರ ಕೈಗೆ ಅಂತ ಗೊತ್ತಾಗದೆ ಯಾವ ರಬ್ಬರ್ ಅಂತ ಹೇಗೆ ಹೇಳುವುದು?" ವಕೀಲರು ಚೆಂಡು ಹೆಕ್ಕಿದರು. "ಅರ್ಜಿದಾರನೇ ಹಾಜರಿಲ್ಲ."

ಬೆಂಚಿನವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ನಾರಾವಿಯ ಬಸ್ಸಿನಲ್ಲಿ ಕೂತ ಮೇಲೆ, ಅಳದಂಗಡಿ ಬರುವಾಗ ನಗು ನಿಂತಿತ್ತು. ಬೇರೆಯವರನ್ನೆಲ್ಲ ಇಷ್ಟು ಚಂದ ಮಾಡುವವನಿಗೆ ತನ್ನದೊಂದು ಮಾಡಲಿಕ್ಕೆ ಬರುವುದಿಲ್ಲವಲ್ಲ ಎಂದು ಅಷ್ಟು ಬೇಸರ ನನಗೆ ಯಾವತ್ತೂ ಆಗಿರಲಿಲ್ಲ.

ಮರುದಿನ ವಕೀಲರು ನನ್ನನ್ನು ತಮ್ಮ ಆಫೀಸಿಗೆ ಕರೆದರು. ಕಪಾಟಿನ ತುಂಬ ದಪ್ಪ ದಪ್ಪ ಕಾನೂನು ಪುಸ್ತಕಗಳು. ಒಂದನ್ನು ಎಳೆದು ತೆರೆದರೆ ಒಳಗೆ, ಹಾಳೆಗಳ ನಡುವೆ, ಒತ್ತಿಟ್ಟ ಹಳೆ ರಬ್ಬರ್! ಇನ್ನೊಂದರಲ್ಲಿ ಇನ್ನೊಂದು. ಸುರುಟಿ ಹೋಗಬಾರದಲ್ಲ, ಅದಕ್ಕೆ ಕಾನೂನಿನಷ್ಟು ಭಾರದ ವಸ್ತು ಬೇರೆ ಇಲ್ಲವಂತೆ. ಒಂದೊಂದರ ಮೇಲೂ ಚೆಂಡು ಒತ್ತಿ ತಲೆಕೆಳಗು ಮಾಡಿ ನೋಡಿದರು. ಕೆಲವುಗಳಿಂದ ಚೆಂಡು ಕೂಡಲೇ ಕಳಚಿ ಬಿತ್ತು, ಒಂದು ಮಾತ್ರ ಕ್ಷಣ ಹಿಡಿದು ಬಿಟ್ಟಿತು. ಅದನ್ನು ಆರಿಸಿದರು.

"ಇಷ್ಟು ಹಿಡಿತ ಸಾಕು. ಸ್ಪಿನ್ ಇರುವುದು ನಿನ್ನ ಮಣಿಕಟ್ಟಿನಲ್ಲಿ, ರಬ್ಬರು ಚೆಂಡನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. ಸ್ಪಾಂಜ್ ತೆಳು ಉಂಟು, ಮೆತ್ತಗೂ ಉಂಟು. ದಪ್ಪದ್ದಾದರೆ ನೀನು ಸಣ್ಣ ತಪ್ಪು ಮಾಡಿದರೂ ಅದು ಚೆಂಡನ್ನು ಆ ಗೋಡೆಗೆ ಎಸೆಯುತ್ತದೆ. ಇದು ಎಸೆಯುವುದಿಲ್ಲ. ಬ್ಯಾಟಿನ ಮರ ಕೈಗೆ ಗೊತ್ತಾಗುತ್ತದೆ. ನೀನು ಎಂತ ಮಾಡಿದೆ ಅಂತ ನಿನಗೆ ಮೊದಲು ಗೊತ್ತಾಗಬೇಕಲ್ಲ."

"ಇದರಲ್ಲಿ ಸ್ಮ್ಯಾಶ್ ಬರ್ತದಾ ಸರ್?"

"ಭಟ್ರದ್ದು ಬರುವುದಿಲ್ಲ. ನನ್ನದೂ ಬರುವುದಿಲ್ಲ. ಅದಕ್ಕೇ ಕೊಡುವುದು."

ನನ್ನ ಬ್ಯಾಟಿನ ಹೊಗೆ ಕುಡಿದ ರಬ್ಬರ್ ಕಿತ್ತು, ಗಮ್ಮಿನ ಸಣ್ಣ ಬಾಟ್ಲಿ ತೆಗೆದು ಸ್ಪಾಂಜಿನ ತುಂಡಿನಿಂದ ಮರಕ್ಕೆ ಸವರಿದರು. ಹಾಲಿನಂತೆ ಬಿಳಿ. ವಾಸನೆ ಮೂಗಿಗೆ ಬಂದದ್ದೇ ನಾನು ಅವರ ಮುಖ ನೋಡಿದೆ.

"ಹೌದು ಮಾರಾಯ, ಇದೂ ರಬ್ಬರ್ ಹಾಲೇ. ನಿನ್ನ ತಲೆ ಸರಿಯಾದ ದಾರಿಯಲ್ಲೇ ಹೋಗಿತ್ತು. ಆಸಿಡಿನ ಹತ್ರ ತಪ್ಪಿ ತಿರುಗಿತು, ಹೊಗೆಗೂಡಿನ ಹತ್ರ ಹೊಂಡಕ್ಕೆ ಬಿತ್ತು." ಬಿಳಿ ಹೋಗಿ ಕಣ್ಣಿಗೆ ಕಾಣದ ಹಾಗೆ ಒಣಗುವವರೆಗೆ ಕಾದರು. ನಾನು ಎರಡೆರಡು ಸಲ ಬೆರಳಿಡಲು ಹೋಗಿ ಕೈಗೆ ಪೆಟ್ಟು ತಿಂದೆ. ಹೊರಗೆ ಕಕ್ಷಿದಾರರೊಬ್ಬರು ಬೆಂಚಿನಲ್ಲಿ ಕೂತು ಕಾಯುತ್ತಿದ್ದರು. "ಮುಖ್ಯವಾದ ಕೇಸು ಉಂಟು, ಸ್ವಲ್ಪ ಕೂತ್ಕೊಳ್ಳಿ" ಎಂದು ಒಳಗಿನಿಂದಲೇ ಹೇಳಿ ರೂಲುದೊಣ್ಣೆ ಉರುಳಿಸಿ ರಬ್ಬರನ್ನು ಕೂರಿಸಿದರು.

ಆ ಬ್ಯಾಟಿನಲ್ಲಿ ಭಟ್ರನ್ನು ಮಾಡಲು ಹೋದರೆ ಚೆಂಡು ನೆಟ್ಟಿನ ಬುಡಕ್ಕೆ ಬೀಳುತ್ತಿತ್ತು. ವಕೀಲರನ್ನು ಮಾಡಿದರೆ ತೇಲಿ ಮೇಲೆ ನಿಲ್ಲುತ್ತಿತ್ತು, ಎದುರಿನವರು ಆರಾಮದಲ್ಲಿ ಬಡಿಯುತ್ತಿದ್ದರು. ಬೇರೆ ದಾರಿಯಿಲ್ಲದೆ ಚೆಂಡು ಹೇಗೆ ಹೋಗುತ್ತದೋ ಹಾಗೆ ಹೊಡೆಯತೊಡಗಿದೆ. ಮಳೆಗಾಲವಿಡೀ ಸೋತೆ. ಸೋಲುವುದರ ನಡುವೆ ಎಲ್ಲಿಂದಲೋ ಒಂದು ವಿಚಿತ್ರ ಹೊಡೆತ ಕೈಗೆ ಹತ್ತಿತು. ಮೊಣಕಾಲು ಮಡಚಿ, ಚೆಂಡಿನ ಅಡಿಗೆ ಬ್ಯಾಟ್ ತೂರಿಸಿ, ಕೊನೆಗೆ ಮಣಿಕಟ್ಟು ತಿರುಚುವುದು. ಅಮ್ಮ ಕಾವಲಿಯಿಂದ ನೀರುದೋಸೆ ಎಬ್ಬಿಸುವ ಹಾಗೆ ಎಂದು ನಾನು ಅಂದುಕೊಂಡಿದ್ದೆ. "ಹಟ್ಟಿಯಲ್ಲಿ ಸೆಗಣಿ ಬಾಚುವ ಹಾಗೆ" ಎಂದು ಭಟ್ರು ಅಂದುಕೊಂಡರು, ಜೋರಾಗಿ. ಆದರೆ ಚೆಂಡು ನೆಟ್ಟಿಗೆ ತಾಗುವಷ್ಟು ತಗ್ಗಿನಲ್ಲಿ ದಾಟಿ, ಬಿದ್ದ ಮೇಲೆ ಪಕ್ಕಕ್ಕೆ ಓಡಿ ಹೋಗುತ್ತಿತ್ತು. ಎಲ್ಲಿಗೆ ಓಡುತ್ತದೆಂದು ಕ್ರಮೇಣ ನನಗೆ ಗೊತ್ತಾಗತೊಡಗಿತು, ಎದುರಿನವರಿಗೆ ಗೊತ್ತಾಗಲಿಲ್ಲ.

ಮೂಡುಬಿದಿರೆಗೆ ಹೆಸರು ಕಳಿಸುವ ಸಂಜೆ ಬಂತು. ತಂಡ ಆರಿಸುವುದು ವಕೀಲರು ಮತ್ತು ಭಟ್ರು ಇಬ್ಬರೂ ಒಪ್ಪಿ. ಭಟ್ರಿಗೆ ಅವರ ಅಕ್ಕನ ಮಗ ಬೇಕಿತ್ತು. ಒಳ್ಳೆಯ ಹುಡುಗ, ಅವನನ್ನು ನಾನೊಮ್ಮೆ ಸೋಲಿಸಿದ್ದೆ, ಅವನು ನನ್ನನ್ನೊಮ್ಮೆ. ನಾವಿಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು. ನನಗೆ ಒಬ್ಬರನ್ನೂ ಅಣಕಿಸುವ ಮನಸ್ಸಿರಲಿಲ್ಲ.

ಭಟ್ರು ನನ್ನ ಎದುರೇ ಹೇಳಿದರು. "ನನ್ಗೆ ಇವನ ಮೇಲೆ ಸಿಟ್ಟಿಲ್ಲ ವಕೀಲರೇ. ಆದ್ರೆ ಬಂಟ್ವಾಳದವರ ಜೊತೆ ಆಡಿದಾಗ ಎಂತ ಮಾಡಿದ ಇವ? ಗೆಲ್ತಾ ಇದ್ದವ, ಜನ ನಗ್ತಾರೆ ಅಂತ ಎದುರಿನವನನ್ನೇ ಅಣಕಿಸ್ಲಿಕ್ಕೆ ಹೋಗಿ ಸೋತ. ಮೂಡುಬಿದಿರೆಯಲ್ಲೂ ಅದನ್ನೇ ಮಾಡ್ತಾನೆ. ಇವನಿಗೆ ಸ್ವಂತ ಆಟ ಅಂತ ಎಲ್ಲುಂಟು? ಎಲ್ಲ ಕಾಪಿ."

ಬಂಟ್ವಾಳದ್ದು ನಿಜವಾಗಿತ್ತು. ನಾನು ನೆಲ ನೋಡಿದೆ. ವಕೀಲರು ವಾದವಿಲ್ಲದೆ ಬಿಟ್ಟರಲ್ಲ, ಮುಗಿಯಿತು ಎಂದುಕೊಂಡೆ. ಅವರು ಎದ್ದು ಬಂದು, ನನ್ನ ತೊಡೆಯ ಮೇಲಿದ್ದ ಬ್ಯಾಟ್ ತೆಗೆದುಕೊಂಡು ಮೇಜಿನ ಹತ್ತಿರ ಹೋದರು. ಅಷ್ಟುದ್ದದ ಮನುಷ್ಯ ಮೊಣಕಾಲು ಮಡಚಿ, ಹಿಂಭಾಗ ಹಿಂದಕ್ಕೆ ದೂಡಿ, ಒಂದು ಕಣ್ಣು ಸಣ್ಣದು ಮಾಡಿ, ಬಾಯಿಯ ಎಡಮೂಲೆಯಿಂದ ನಾಲಗೆ ಹೊರಹಾಕಿ, ಇಲ್ಲದ ಚೆಂಡಿನ ಅಡಿಗೆ ಬ್ಯಾಟ್ ತೂರಿಸಿ ತಿರುಚಿದರು. ಆಮೇಲೆ, ಪಾಯಿಂಟ್ ಬಂದ ಹಾಗೆ, ಬೆಂಚಿನ ಕಡೆ ಯಾರಾದರೂ ನೋಡಿದರಾ ಎಂದು ಕಳ್ಳದೃಷ್ಟಿ ಬೀರಿದರು.

ಇಡೀ ಹಾಲ್ ನಗುವಿನಲ್ಲಿ ಸಿಡಿಯಿತು. ನನ್ನ ನಾಲಗೆ ಹೊರಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಭಟ್ರ ಅಕ್ಕನ ಮಗ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಭಟ್ರಂತೂ ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸುತ್ತಾ ಕೂಗಿದರು:

"ಅಯ್ಯೋ ಸಾಕು ವಕೀಲರೇ, ಸಾಕು! ಥೇಟ್ ಇವನೇ! ಈ ಮೂರು ತಾಲೂಕಲ್ಲಿ ಬೇರೆ ಯಾರೂ ಹೀಗೆ ಆಡ್ಲಿಕ್ಕಿಲ್ಲ!"

ವಕೀಲರು ನಾಲಗೆ ಒಳಗೆಳೆದುಕೊಂಡು, ನೆಟ್ಟಗೆ ನಿಂತು, ನನ್ನ ಬ್ಯಾಟನ್ನು ಅಂಗೈಯಿಂದ ಒರೆಸಿದರು.

"ಬೇರೆ ಯಾರೂ ಇಲ್ಲ ಅಂತ ನೀವೇ ಹೇಳಿದ್ದು ಭಟ್ರೇ. ಹೆಸರು ಬರೆಯಿರಿ."